ಬಿಟ್ಟರೂ ಬಿಡದ ಗಿಳಿ

ಕರುಣಾಕರನ್: ಇದನ್ನ ವಾಪಸ್ ಇಟ್ಕೊಳ್ಳಿ ಗುರುಮಲ್ಲಪ್ಪಣ್ಣ. ಈ ಗಿಳಿ ಕೆಟ್ಟುಹೋಗಿದೆ.

ಗುರುಮಲ್ಲಪ್ಪ: ಕೆಟ್ಟೋಗಕ್ಕ ಅದೇನು ಮೊಸರಾ? ಏನಾಗದ? ಹಾರಲ್ವಾ?

ಕರುಣಾಕರನ್: ಹಾರ್ತದೆ.

ಗುರುಮಲ್ಲಪ್ಪ: ಕಾಯಿಲೆಯಾ?

ಕರುಣಾಕರನ್: ನನಗಿಂತ ಗಟ್ಟಿಯಾಗಿದೆ.

ಗುರುಮಲ್ಲಪ್ಪ: ಮತ್ತ ನಿಮ್ಮ ದೂರಾದ್ರೂ ಏನು?

ಕರುಣಾಕರನ್: ಹಾರ್ತದೆ, ಆಕಾಶದಲ್ಲಿ ಒಂದು ಸುತ್ತು ಹಾಕ್ತದೆ, ತಿರುಗಿ ಬಂದು ನನ್ನ ಮನೆ ಬಾಗಿಲ ಮೇಲೆ ಕೂರ್ತದೆ. ಅದೇ ದೂರು!

ತಿರುವಾಂಕೂರಿನ ಜನ ಲಾರಿ ಲಾರಿ ತುಂಬಿ ಬಂದು ವಯನಾಡಿನಲ್ಲಿ ಇಳಿಯುತ್ತಿದ್ದ ಕಾಲ ಅದು. ಈ ಕರುಣಾಕರನ್ ಕೂಡ ಹಾಗೆಯೇ ಘಾಟಿ ಹತ್ತಿ ಬಂದು, ಕಬಿನಿ ದಂಡೆಯ ಪೆರಿಕಲ್ಲೂರಿನಲ್ಲಿ ಪೊದೆ ಕಡಿದು ಮರಗೆಣಸು ಹಾಕಿದವನು. ಅಲ್ಲಿನ ಕನ್ನಡದ ನೆರೆಹೊರೆಯವರ ಜೊತೆ ಬೇಲಿ ಜಗಳ ಆಡಿ ಆಡಿ ಕನ್ನಡ ಕಲಿತಿದ್ದ. ಹೀಗಾಗಿ ಜಗಳಕ್ಕೆ ಬೇಕಾದಷ್ಟು ಕನ್ನಡ ಅವನಲ್ಲಿ ಧಾರಾಳವಾಗಿತ್ತು. ಗುರುಮಲ್ಲಪ್ಪನದು ಕಲ್ಪೆಟ್ಟದಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಹಕ್ಕಿ ಅಂಗಡಿ. ಗುಂಡ್ಲುಪೇಟೆ ಕಡೆಯಿಂದ ಬಂದು ಮೊದಲು ಹಗ್ಗ ಮಾರಿ, ಹಗ್ಗ ಸಾಗದೆ ಹಕ್ಕಿಗೆ ಇಳಿದ ಮನುಷ್ಯ. ಹಣೆ ತುಂಬ ವಿಭೂತಿ, ಬಾಯಿ ತುಂಬ ವ್ಯಾಪಾರ. ಇಷ್ಟು ವರ್ಷವಾದರೂ ಮಲಯಾಳದಲ್ಲಿ ದರ ಹೇಳುವುದನ್ನು ಬಿಟ್ಟು ಇನ್ನೇನನ್ನೂ ಕಲಿತಿರಲಿಲ್ಲ.

ಇಬ್ಬರ ನಡುವೆ ಮೇಜಿನ ಮೇಲೆ ಒಂದು ಪುಟ್ಟ ಪಂಜರ. ಅದರ ಬಾಗಿಲು ತೆರೆದಿದೆ. ಗಿಳಿ ಒಳಗೆ ಕೂತು ರೆಕ್ಕೆ ನೀವಿಕೊಳ್ಳುತ್ತಿದೆ.

ಗುರುಮಲ್ಲಪ್ಪ: ಮೊದಲು ಬಾಗಿಲು ಹಾಕಿ. ಹೋಗ್ಬುಡ್ತದ.

ಕರುಣಾಕರನ್: ಹೋದ್ರೆ ನಿಮ್ಮ ಕಾಲಿಗೆ ಬೀಳ್ತೇನೆ! ಊರಿಂದ ಇಲ್ಲಿವರೆಗೆ ಬಾಗಿಲು ತೆಗೆದೇ ತಂದೆ. ದಾರೀಲಿ ಡ್ರೈವರ್ ಇಳಿದ, ಕಂಡಕ್ಟರ್ ಇಳಿದ, ಚಾ ಕುಡಿದ್ರು. ಇದು ಇಳೀಲಿಲ್ಲ.

ಗುರುಮಲ್ಲಪ್ಪ: ಅಲ್ಲ, ಬುಟ್ಟ ಹಕ್ಕಿ ತಿರುಗಿ ಮನೆಗ ಬಂದ್ರ ಯಾರಾದ್ರೂ ಅಳ್ತಾರಾ? ಪುಣ್ಯ ಮಾಡಿದ್ರಿ, ಸಾಕ್ಕಳಿ.

ಕರುಣಾಕರನ್: ನಾನು ಸಾಕೋಕೆ ತಗೊಂಡದ್ದಲ್ಲ, ಬಿಡೋಕೆ! ಹರಕೆ ಅದು. ನನಗೆ ಚಳಿಜ್ವರ ಬಂದು ಮಲಗಿದ್ದೆನಲ್ಲ, ಆಗ ನನ್ನ ಹೆಂಡತಿ ಅಮ್ಮಿಣಿ ಭಗವತಿಗೆ ಹೇಳ್ಕೊಂಡಳು. ಗಂಡ ಎದ್ದು ಕೂತ್ರೆ ಪಂಜರದಲ್ಲಿರೋ ಒಂದು ಹಕ್ಕಿನ ಬಿಡ್ತೇನೆ ಅಂತ. ನಾನು ಎದ್ದು ಕೂತೆ.

ಗುರುಮಲ್ಲಪ್ಪ: ಒಳ್ಳೇದಾಯ್ತಲ್ಲ.

ಕರುಣಾಕರನ್: ಎಂತ ಒಳ್ಳೇದು! ಹರಕೆ ತೀರೋವರೆಗೂ ಮನೇಲಿ ಮೀನು ಬೇಯಿಸೋ ಹಾಗಿಲ್ಲ!

ಗುರುಮಲ್ಲಪ್ಪ ಎರಡೂ ಕಿವಿ ಮುಚ್ಚಿಕೊಂಡ.

ಗುರುಮಲ್ಲಪ್ಪ: ಶಿವ ಶಿವಾ! ನನ್ನ ಅಂಗಡೀಲಿ ಅದರ ಹೆಸರು ಎತ್ತಬೇಡಿ.

ಕರುಣಾಕರನ್: ನಿಮಗೆ ಹೆಸರೂ ಬೇಡ. ನನಗೆ ಹೆಸರೊಂದೇ ಉಳಿದಿರೋದು! ಮನೆ ಮುಂದೆ ಹೊಳೆ, ಹೊಳೆ ತುಂಬ ಮೀನು. ನಾನು ದಂಡೇಲಿ ಕೂತು ನೋಡ್ತೇನೆ, ಅವು ನನ್ನ ನೋಡ್ತವೆ. ಜ್ವರ ಬಿಟ್ಟ ಬಾಯಿ ಅಣ್ಣ, ಗಂಜಿ ಇಳಿಯೋದಿಲ್ಲ. ಪಕ್ಷೇ...

ಗುರುಮಲ್ಲಪ್ಪ: ಪಕ್ಷಿ ಇಚಾರನೇ ಅಲ್ವಾ ಆಡ್ತಿರದು? ಹೇಳಿ.

ಕರುಣಾಕರನ್: ಪಕ್ಷಿ ಅಲ್ಲ. ಪಕ್ಷೇ! ಪಕ್ಷೇ ಅಂದ್ರೆ 'ಆದರೆ' ಅಂತ.

ಗುರುಮಲ್ಲಪ್ಪ: ಆದರೆ ಅನ್ನಕ್ಕ ಆದರೆ ಅಂದ್ರ ಆಯ್ತಪ್ಪ. ಮಧ್ಯ ಹಕ್ಕಿ ಯಾಕ ತತ್ತೀರಿ?

ಕರುಣಾಕರನ್: ಅಯ್ಯೋ ಎಂಡೆ ಭಗವತೀ! ಕೇಳಿ, ಆದರೆ ಒಂದು ಮಾತು. ಹಕ್ಕಿಗೆ ಬುದ್ಧಿ ಇದೆ. ತನ್ನ ಹೆಸರು ತಾನೇ ಹೇಳ್ತದೆ. ನಮ್ಮ ಭಾಷೇಲಿ ಗಿಳಿಗೆ ತತ್ತ ಅಂತೇವೆ. ಇದು ಬಾಗಿಲ ಮೇಲೆ ಕೂತು 'ತತ್ತಾ, ತತ್ತಾ' ಅಂತದೆ. ನಾನು ಗಿಳಿ, ನಾನು ಗಿಳಿ ಅಂತ. ಅಮ್ಮಿಣಿಗೆ ಭಯ. ಭಗವತಿ ಹರಕೆ ಒಪ್ಪಲಿಲ್ಲ, ಗಿಳಿಯ ಬಾಯಲ್ಲಿ ಏನೋ ಹೇಳಿಸ್ತಿದ್ದಾಳೆ ಅಂತ. ಅದು ಬಾಯಿ ತೆಗೆದಾಗೆಲ್ಲ ಕೈಮುಗಿದು ಹಣ್ಣು ಇಡ್ತಾಳೆ.

ಒಳಗಿನಿಂದ ನಗು ಕೇಳಿಸಿತು. ಗುರುಮಲ್ಲಪ್ಪನ ಹೆಂಡತಿ ಪುಟ್ಟಗೌರಮ್ಮ ಹೆಚ್ಚಿದ ಸೀಬೆಹಣ್ಣಿನ ತಟ್ಟೆ ಹಿಡಿದು ಹೊರಗೆ ಬಂದಳು. ಅವಳನ್ನು ಕಂಡದ್ದೇ ಪಂಜರದಲ್ಲಿದ್ದ ಗಿಳಿ ಕತ್ತು ಚಾಚಿ, 'ತತ್ತಾ!' ಎಂದು ಕಿರುಚಿತು.

ಪುಟ್ಟಗೌರಮ್ಮ: ಅದು ಹೆಸರು ಹೇಳ್ತಿಲ್ಲ ಕನಣ್ಣ. ತತ್ತಾ ಅಂದ್ರ ನಮ್ಮಲ್ಲಿ 'ತಂದ್ಕೊಡು' ಅಂತ. ನಮ್ಮವರು ಬೆಳಗಾನಿಂದ ಬೈಗಿನ ಗಂಟ ಕೂಗದೇ ಅದು. ಗೌರಿ, ನೀರು ತತ್ತಾ. ಗೌರಿ, ಕಾಫಿ ತತ್ತಾ. ಗೌರಿ, ಎಲಡಿಕೆ ತತ್ತಾ. ಕೇಳಿ ಕೇಳಿ ಕಲ್ತ್ಕಂಡದ.

ಕರುಣಾಕರನ್: ಅಂದ್ರೆ... ಅಮ್ಮಿಣಿ ಕೈಮುಗಿದು ಕಣ್ಣು ಮುಚ್ಚಿ ನಿಂತಾಗ ಅದು ಹೇಳ್ತಿದ್ದದ್ದು...

ಪುಟ್ಟಗೌರಮ್ಮ: ನಿಂತ್ಕಬೇಡ, ಬಿರ್‍ರನೆ ಹಣ್ಣು ತತ್ತಾ ಅಂತ.

ಕರುಣಾಕರನ್ ಗಿಳಿಯನ್ನು ನೋಡಿದ. ಗಿಳಿ ಅವನನ್ನು ನೋಡಲಿಲ್ಲ, ತಟ್ಟೆಯನ್ನು ನೋಡುತ್ತಿತ್ತು.

ಗುರುಮಲ್ಲಪ್ಪ: ಎಲ್ಲ ಇವಳಿಂದ್ಲೇ ಆಗಿರದು ಅಣ್ಣ. ಮುಂಚ ನನ್ನ ಹಕ್ಕಿಗಳು ಹೆಂಗಿದ್ದೊ ಗೊತ್ತಾ? ಬಿದಿರು ಬುಟ್ಟಿ ತುಂಬ ತುರುಕಿ, ಮೇಲೊಂದು ಗೋಣಿತಾಟು ಮುಚ್ತಿದ್ದೆ. ಹರಕೆಯೋರು ತಕ್ಕೊಂಡೋಗಿ ಕೈಬುಟ್ರ ಸಾಕು, ಬಾಣ ಹೋದಂಗ ಹೋಗ್ತಿದ್ದೊ! ಒಂದಾದ್ರೂ ತಿರುಗಿ ನೋಡ್ತಾ? ಜನ ನನ್ನ ಹೊಗಳಿದ್ದೇ ಹೊಗಳಿದ್ದು, ಗುರುಮಲ್ಲಪ್ಪನ ಹಕ್ಕಿ ಅಂದ್ರ ಹಕ್ಕಿ ಅಂತ.

ಪುಟ್ಟಗೌರಮ್ಮ: ಹೊಗಳಿಸ್ಕಂಡೋರು ನೀವು. ಬೆಳಿಗ್ಗೆ ಎದ್ದು ಬುಟ್ಟೀಲಿ ಸತ್ತೋಗಿರದ ಆಯ್ದು ಮಣ್ಣು ಮಾಡ್ತಿದ್ದೋಳು ನಾನು. ನನ್ನ ಹೊಟ್ಟೆ ಉರಿದೋಗದು.

ಗುರುಮಲ್ಲಪ್ಪ: ಅದಕ್ಕ ಏನು ಮಾಡಿದ್ಲು ಕೇಳಿ. ಹಗ್ಗ ತುಂಬಿದ್ದ ಕೋಣೆ ಖಾಲಿ ಮಾಡ್ಸಿ, ಕಿಟಕಿಗ ತಂತಿ ಬಲೆ ಹೊಡಸಿ, ಹಕ್ಕಿಗಳಿಗ ಬುಟ್ಟುಕೊಟ್ಲು. ಕೂರಕ್ಕ ಹಲಸಿನ ಕೊಂಬೆ. ಮೀಯಕ್ಕ ಬೋಗುಣಿ ನೀರು. ತಿನ್ನಕ್ಕ ಸೀಬೆ, ಗಾಂಧಾರಿ ಮೆಣಸಿನಕಾಯಿ. ನಾನೂ ದುಡೀತೀನಿ, ನನಗ ಯಾರಾದ್ರೂ ಸೀಬೆಹಣ್ಣು ಹೆಚ್ಚಿ ಕೊಟ್ಟಾರಾ?

ಪುಟ್ಟಗೌರಮ್ಮ: ಈಗ ಒಂದಾದ್ರೂ ಸಾಯ್ತದಾ ಹೇಳಿ?

ಗುರುಮಲ್ಲಪ್ಪ: ಸಾಯದೂ ಇಲ್ಲ, ಹೋಗದೂ ಇಲ್ಲ! ಇದು ಅಂಗಡಿಯಾ ಛತ್ರವಾ? ಇನ್ನು ಹರಕೆಯೋರು ಯಾರು ನನ್ನ ಹತ್ರ ಬಂದಾರು? ಸಾಕು ಈ ಸಂಭ್ರಮ. ಇವತ್ತಿಂದ ಎಲ್ಲಾನೂ ಬುಟ್ಟಿಗ ವಾಪಸ್!

ಹೇಳಿದವನೇ ಸ್ಟೂಲು ಹತ್ತಿ ಅಟ್ಟದ ಮೇಲಿದ್ದ ಹಳೇ ಬುಟ್ಟಿಯನ್ನು ಎಳೆದ. ಧೂಳೆಲ್ಲ ವಿಭೂತಿಯ ಮೇಲೆ ಬಿತ್ತು. ಪುಟ್ಟಗೌರಮ್ಮನ ಮುಖ ಬಿಗಿಯಿತು. ಆ ಕೋಣೆಗಾಗಿ ಅವಳು ಗಂಡನ ಜೊತೆ ಒಂದು ಮಳೆಗಾಲ ಪೂರ್ತಿ ಮಾತು ಬಿಟ್ಟಿದ್ದಳು.

ಗುರುಮಲ್ಲಪ್ಪ: ಕರುಣಾಕರಣ್ಣ, ನಿಮಗ ಬೇರೆ ಗಿಳಿ ಕೊಡ್ತೀನಿ. ಸ್ವಲ್ಪ ದಿನ ಕತ್ತಲ ಬುಟ್ಟೀಲಿಟ್ಟು, ನೀರು ಕಂಡೂ ಕಾಣದಂಗ ಕೊಡ್ತೀನಿ. ಆಮೇಲೆ ಬುಟ್ಟು ನೋಡಿ! ನಿಮ್ಮೂರಲ್ಲ, ನಿಮ್ಮ ಜಿಲ್ಲೇಲೇ ಇರಲ್ಲ.

ಕರುಣಾಕರನ್: ಹೌದಾ? ಹಾಗಾದ್ರೆ ಬರೋ ವಾರ ಮೀನು...

ಗುರುಮಲ್ಲಪ್ಪ: ಶಿವ ಶಿವಾ!

ಪುಟ್ಟಗೌರಮ್ಮ: ಅಣ್ಣ, ಒಂದು ಮಾತು ಕೇಳ್ತೀನಿ. ನೀವು ಊರು ಬುಟ್ಟು ಇಲ್ಲಿಗ ಹೆಂಗ ಬಂದ್ರಿ?

ಕರುಣಾಕರನ್: ಲಾರೀಲಿ. ಪಾತ್ರೆ, ಹಾಸಿಗೆ, ಗುದ್ದಲಿ, ಕೋಳಿ, ಅಮ್ಮಿಣಿ, ಎಲ್ಲ ಒಂದರ ಮೇಲೊಂದು. ಮೇಲೆ ಟಾರ್ಪಾಲು. ಚುರಂ, ಅದೇ ಈ ಘಾಟಿ, ಹತ್ತೋವಾಗ ಉಸಿರಾಡೋಕೂ ಸರದಿ ಅಕ್ಕ. ಅರ್ಧ ಕೋಳಿ ದಾರೀಲೇ ಸತ್ವು. ಅಮ್ಮಿಣಿ ಅತ್ತಳು.

ಪುಟ್ಟಗೌರಮ್ಮ: ಕೋಳಿಗಾ?

ಕರುಣಾಕರನ್: ಹುಟ್ಟಿದ ಊರು ನೆನೆಸಿ ಅಳ್ತಾಳೆ ಅಂತ ನಾನೂ ಸಮಾಧಾನ ಮಾಡಿದೆ. ಆಮೇಲೆ ಗೊತ್ತಾಯ್ತು, ಕೋಳಿಗೇ.

ಪುಟ್ಟಗೌರಮ್ಮ: ಸರಿ, ಲಾರಿಯೋನು ಇಳಿಸಿಬುಟ್ಟ. ತಿರುಗಿ ನಿಮ್ಮೂರಿಗ ಓಡಿಹೋಗ್ಲಿಲ್ವಾ?

ಕರುಣಾಕರನ್: ನಾನ್ಯಾಕೆ ಹೋಗ್ಲಿ? ಇಲ್ಲಿ ಮಣ್ಣಿದೆ, ನೀರಿದೆ, ಹಾಕಿದ್ದು ಬೆಳೀತದೆ, ಹೊಟ್ಟೆ ತುಂಬ್ತದೆ.

ಪುಟ್ಟಗೌರಮ್ಮ: ಗಿಳೀನೂ ಅದ್ನೇ ಅಲ್ವಾ ಹೇಳ್ತಿರದು?

ಕರುಣಾಕರನ್ ಬಾಗಿಲು ತೆರೆದ ಪಂಜರದ ಕಡೆ ತಿರುಗಿದ. ಬೇಲಿ ಜಗಳಗಳಲ್ಲಿ ಯಾರೂ ಅವನಿಗೆ ಇಂಥ ಮಾತು ಆಡಿರಲಿಲ್ಲ. ಅಷ್ಟರಲ್ಲಿ ಗುರುಮಲ್ಲಪ್ಪ ಕೋಣೆಗೆ ನುಗ್ಗಿ, ಒಂದು ಮರಿಗಿಳಿಯನ್ನು ಹಿಡಿದು ತಂದು ಬುಟ್ಟಿಗೆ ತುರುಕಲು ನೋಡಿದ. ಅದು ಅವನ ಹೆಬ್ಬೆರಳು ಕಚ್ಚಿತು. ಅವನು ಕೂಗಿದ, ಗಿಳಿ ಕೂಗಿತು, ಕೋಣೆಯಲ್ಲಿದ್ದವೆಲ್ಲ ಒಟ್ಟಿಗೆ ಕೂಗಿದವು. ಟಾರ್ಪಾಲಿನ ಕೆಳಗಿನ ಆ ದಿನ ನೆನಪಾಯಿತೋ ಏನೋ, ಕರುಣಾಕರನ್ ಕೈ ಬೀಸುತ್ತ ಎದ್ದುಬಂದ.

ಕರುಣಾಕರನ್: ಬೇಡ ಬೇಡ! ಬುಟ್ಟಿ ಬೇಡ! ಮುರಿ! ಮುರಿ ಮತಿ!

ಮಲಯಾಳದಲ್ಲಿ ಮುರಿ ಎಂದರೆ ಕೋಣೆ. ಕೋಣೆಯೇ ಸಾಕು, ಬುಟ್ಟಿ ಬೇಡ ಎಂದು ಪಾಪ ಅವನು ಹೇಳಿದ್ದು. ಪುಟ್ಟಗೌರಮ್ಮನಿಗೆ ಮಲಯಾಳ ನೀರು ಕುಡಿದಷ್ಟು ಸಲೀಸು. ಅವಳು ಮೊದಲು ಮರಿಗಿಳಿಯನ್ನು ಗಂಡನ ಕೈಯಿಂದ ಬಿಡಿಸಿ ಕೋಣೆಗೆ ಬಿಟ್ಟು ಬಂದಳು. ಸೀರೆಯ ನೆರಿಗೆ ಮೇಲೆತ್ತಿ ಸಿಕ್ಕಿಸಿದಳು. ಆದರೂ ಏನೂ ತಿಳಿಯದವಳಂತೆ, ನೆಲಕ್ಕೆ ಬಿದ್ದಿದ್ದ ಬುಟ್ಟಿಯ ಮೇಲೆ ಕಾಲಿಟ್ಟು ಲಟಲಟನೆ ತುಳಿದು ಚೂರು ಮಾಡಿದಳು.

ಗುರುಮಲ್ಲಪ್ಪ: ಏ ಏ ಏ! ಏನಮ್ಮಿ ಮಾಡ್ದೆ?

ಪುಟ್ಟಗೌರಮ್ಮ: ಗಿರಾಕಿ 'ಮುರಿ' ಅಂದ್ರು, ಮುರಿದೆ. ಗಿರಾಕಿ ಹೇಳ್ದಂಗ ಕೇಳ್ಬೇಕು ಅಂತ ನೀವೇ ಅಲ್ವಾ ಹೇಳದು?

ಕರುಣಾಕರನ್: ಅಕ್ಕಾ, ನಾನು ಕೋಣೆ ಅಂದದ್ದು!

ಪುಟ್ಟಗೌರಮ್ಮ: ಅದೂ ಆಯ್ತಲ್ಲ ಅಣ್ಣ. ಬುಟ್ಟಿ ಹೋಯ್ತು, ಇನ್ನು ಕೋಣೇನೇ ಗತಿ.

ಗುರುಮಲ್ಲಪ್ಪ ಹೆಬ್ಬೆರಳು ಬಾಯಲ್ಲಿಟ್ಟುಕೊಂಡು ಚೂರುಗಳ ಮುಂದೆ ಕುಕ್ಕರುಗಾಲಲ್ಲಿ ಕೂತ. ಹೊಸ ಬುಟ್ಟಿ ತರಬಹುದಿತ್ತು. ಆದರೆ ಅದರ ಮೇಲೂ ಕಾಲು ಬಿದ್ದೀತು ಎಂಬುದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು.

ಕರುಣಾಕರನ್: ಎಲ್ಲ ಶರಿ. ನನ್ನ ಹರಕೆ ಎಂತ ಆಯ್ತು?

ಪುಟ್ಟಗೌರಮ್ಮ: ಅಮ್ಮಿಣಿ ಏನಂತ ಹೇಳ್ಕಂಡಿದ್ಲು? ಹಕ್ಕಿ ಬುಡ್ತೀನಿ ಅಂತ ತಾನೆ? ಬುಟ್ರಾ ಇಲ್ವಾ?

ಕರುಣಾಕರನ್: ಬಿಟ್ವಿ.

ಪುಟ್ಟಗೌರಮ್ಮ: ಅಲ್ಲಿಗ ತೀರ್ತು! ತಿರುಗಿ ಬರಕೂಡದು ಅಂತ ಭಗವತಿಗ ಹೇಳಿದ್ಲಾ? ಇಲ್ಲ. ಬುಡದು ನಮ್ಮ ಕೆಲಸ. ಹೋಗದು, ಇರದು ಅದರಿಷ್ಟ. ಇಷ್ಟ ಬಂದ ಕಡೆ ಇರಕ್ಕ ಬುಟ್ರೇ ಅಲ್ವಾ ಬುಟ್ಟಂಗ?

ಗುರುಮಲ್ಲಪ್ಪ: ಇದು ವಕೀಲರ ಮಾತು.

ಕರುಣಾಕರನ್: ನನಗೆ ಒಪ್ಪಿಗೆ ಅಕ್ಕ! ಅಮ್ಮಿಣಿ ಒಪ್ಪಬೇಕಲ್ಲ. ಮೀನಿನ ಆಸೆಗೆ ದಾರೀಲಿ ಕತೆ ಕಟ್ಕೊಂಡು ಬಂದ್ರಾ ಅಂತಾಳೆ.

ಪುಟ್ಟಗೌರಮ್ಮ: ನಾನೇ ಬಂದು ಹೇಳ್ತೀನಿ. ನಡೀರಿ.

ಗುರುಮಲ್ಲಪ್ಪ: ಎಲ್ಲಿಗ?

ಪುಟ್ಟಗೌರಮ್ಮ: ಪೆರಿಕಲ್ಲೂರಿಗ. ಅಮ್ಮಿಣಿಗ ಹೇಳಿ, ಹಂಗೇ ದೋಣಿ ಹತ್ತಿ ಹೊಳೆ ದಾಟಿದ್ರ ನಮ್ಮವ್ವನ ಮನೆ. ಈ ಅಂಗಡಿ ಶುರುವಾದ ಮೇಲೆ ತವರಿನ ಹೊಸ್ತಿಲು ತುಳಿದಿಲ್ಲ. ಹಕ್ಕಿ ಬುಡಕ್ಕ ಎಲ್ರೂ ಬತ್ತಾರ, ನನ್ನ ಯಾರು ಬುಟ್ರು?

ಗುರುಮಲ್ಲಪ್ಪ: ಅಂಗಡಿ ಗತಿ? ಹಕ್ಕಿಗಳ ಗತಿ?

ಪುಟ್ಟಗೌರಮ್ಮ: ಬೋಗುಣಿ ನೀರು ದಿನಾ ಬದಲಾಯ್ಸಿ. ಹಣ್ಣು ಸಣ್ಣಗ ಹೆಚ್ಚಿ. ಮಧ್ಯಾಹ್ನ ಕಿಟಕಿಗ ಬಿಸಿಲು ಬತ್ತದ, ತೆರೆ ಎಳೀರಿ. ಬೈಯಬೇಡಿ, ಅವೂ ಬೈಯದ ಕಲ್ತ್ಕತ್ತವ.

ಹೊರಗೆ, ಪೆರಿಕಲ್ಲೂರಿನ ದಾರಿಯ ಪುಲ್ಪಳ್ಳಿ ಕಡೆಗೆ ಹೋಗುವ ಬಸ್ಸು ಬಂದು ನಿಂತಿತು. ಅವಳು ಕೈಗೆ ಸಿಕ್ಕ ಎರಡು ಸೀರೆ ಗಂಟು ಕಟ್ಟಿ, ಗಿಳಿಯ ಪಂಜರ ಎತ್ತಿಕೊಂಡು ಹತ್ತಿಯೇಬಿಟ್ಟಳು. ಹಿಂದೆಯೇ ಕರುಣಾಕರನ್, ಮುಖದಲ್ಲಿ ಆಗಲೇ ಮೀನಿನ ಕನಸು. ಗುರುಮಲ್ಲಪ್ಪ ಅಂಗಡಿ ತೆರೆದೇ ಬಿಟ್ಟು ಓಡಿಬಂದು ಕಿಟಕಿಯ ಸರಳು ಹಿಡಿದ. ಮದುವೆಯಾದ ಮೇಲೆ ಅವನಿಗೆ ಇಷ್ಟು ಗಾಬರಿಯಾದದ್ದು ಅದೇ ಮೊದಲು.

ಗುರುಮಲ್ಲಪ್ಪ: ಗೌರೀ, ಯಾವಾಗ ಬತ್ತೀಯ?

ಪುಟ್ಟಗೌರಮ್ಮ: ನೋಡಮ.

ಗುರುಮಲ್ಲಪ್ಪ: ನೋಡಮ ಅಂದ್ರ? ತಿರುಗಿ ಬತ್ತೀಯ ತಾನೆ?

ಕಂಡಕ್ಟರ್ ಸೀಟಿ ಊದಿದ. ಪುಟ್ಟಗೌರಮ್ಮ ಪಂಜರವನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಕಿಟಕಿಯಿಂದ ಬಗ್ಗಿದಳು.

ಪುಟ್ಟಗೌರಮ್ಮ: ನನ್ನ ಕೇಳಿದ್ರ ನಂಗೇನು ಗೊತ್ತು? ಇಷ್ಟು ವರ್ಷ ನನ್ನ ಹೆಂಗ ನೋಡ್ಕಂಡಿದ್ದೀರಿ ಅಂತ ನಿಮಗೇ ಗೊತ್ತಿರ್ಬೇಕು!