ಕರಿಹಲಗೆಗೊಂದು ಫೀಡ್ ರೀಡರ್

ಕೆಲವರಿಗೆ ಎಲೆಯಡಿಕೆಯ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನ್ನ ಚಟ ಇವೆರಡಕ್ಕಿಂತ ಅಗ್ಗದ್ದು, ಆದರೆ ಮನೆಮಂದಿಗೆ ಹೆಚ್ಚು ತ್ರಾಸಿನದು. ಒಂದು ಸುದ್ದಿ ತಿಳಿದರೆ ಇನ್ನೊಬ್ಬರಿಗೆ ಹೇಳದೆ ಇರಲಾರೆ, ಹೊಟ್ಟೆ ಉಬ್ಬರಿಸುತ್ತದೆ. ಅದಕ್ಕೇ ಕಮರಿಪೇಟೆಯ ನಮ್ಮ ಓಣಿಯ ಮೂಲೆಯಲ್ಲಿ, ಖಾದರ್ ಚಾಚಾನ ಸೈಕಲ್ ಅಂಗಡಿಯ ಗೋಡೆಗೆ ಒಂದು ಕರಿಹಲಗೆ ತೂಗುಹಾಕಿ, ಹತ್ತು ವರ್ಷಗಳಿಂದ ದಿನಾ ಮುಂಜಾನೆ ಪೇಪರಿನ ಐದು ಸುದ್ದಿಗಳನ್ನು ಬರೆಯುತ್ತಿದ್ದೆ. ಬರೆದು ಮುಗಿಸಿಯೇ ಪಾಠ ಹೇಳಲು ಸಾಲೆಗೆ ಹೋಗುವುದು. ಸೀಮೆಸುಣ್ಣ ಸಾಲೆಯದು ಎಂಬುದನ್ನು ಮಾತ್ರ ದಯವಿಟ್ಟು ನಿಮ್ಮಲ್ಲೇ ಇಟ್ಟುಕೊಳ್ಳಿ.

ಒಂದು ದಿನ ಚಾಚಾ ಪಂಕ್ಚರ್ ತಿದ್ದುತ್ತಲೇ ಬಾಂಬು ಹಾಕಿದ. “ಮಾಸ್ತರ್ರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಬೋರ್ಡ್ ಯಾರೂ ಓದೂದಿಲ್ಲ. ಇನ್ನೊಂದ ವಾರ ನೋಡ್ತೇನಿ. ಮಂದಿ ನಿಂತು ಓದಿದ್ರ ಗ್ವಾಡಿ ನಿಮ್ಮದು, ಇಲ್ಲಾಂದ್ರ ಅಲ್ಲೆ ಟೈರ್ ತೂಗಹಾಕ್ತೇನಿ.”

ಟೈರಿಗಿಂತ ಕಡೆಯಾದೆನೆ ನಾನು? ಯೋಚಿಸಿದಾಗ ಹೊಳೆಯಿತು: ಪೇಪರಿನ ಸುದ್ದಿ ತಂಗಳು, ನನಗೆ ಬಿಸಿಬಿಸಿಯಾದದ್ದು ಬೇಕು. ಆಗಷ್ಟೇ ಮನೆಗೆ ಕಂಪ್ಯೂಟರ್ ಬಂದಿತ್ತು. ‘ಫೀಡ್ ರೀಡರ್’ ಅಂತ ಒಂದಿದೆ, ಹತ್ತು ಜಾಲತಾಣಗಳಿಗೆ ನಾವು ಅಲೆಯುವುದು ಬೇಡ, ಹೊಸ ಸುದ್ದಿಗಳೇ ನಮ್ಮಲ್ಲಿಗೆ ಬಂದು ಬೀಳುತ್ತವೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಆದರೆ ಯಾವುದನ್ನು ಆರಿಸುವುದು? ಮೊದಲನೆಯದು ಕನ್ನಡವನ್ನೆಲ್ಲ ಚೌಕ ಚೌಕವಾಗಿ ತೋರಿಸಿತು, ನಮ್ಮ ಪಡಸಾಲೆಯ ಶಹಾಬಾದ್ ಫರಸಿಕಲ್ಲಿನ ನೆಲದ ಹಾಗೆ. ಎರಡನೆಯದು ಓದದೆ ಉಳಿದದ್ದೆಷ್ಟು ಎಂದು ದಪ್ಪಕ್ಷರದಲ್ಲಿ ಎಣಿಸುತ್ತಿತ್ತು. ತಾಟಿನಲ್ಲಿ ಒಂದಗುಳೂ ಬಿಡಬಾರದೆಂದು ಅವ್ವ ಬೆಳೆಸಿದ ಮಗ ನಾನು. ಮುನ್ನೂರು ಓದಿ ಎದ್ದು ಕೈ ತೊಳೆದು ಬರುವಷ್ಟರಲ್ಲಿ ಅದು ಮತ್ತೆ ನಾನೂರು ಬಡಿಸಿರುತ್ತಿತ್ತು. ಮೂರನೆಯದರಲ್ಲಿ ಒಂದು ಗುಂಡಿ ಒತ್ತಿದರೆ ಸುದ್ದಿಯನ್ನು ಗೆಳೆಯರೊಂದಿಗೆ ಹಂಚಿಕೊಳ್ಳಬಹುದಿತ್ತು. ಅದರ ಗೆಳೆಯರ ಪಟ್ಟಿಯಲ್ಲಿ ಇದ್ದವನು ನಾನೊಬ್ಬನೇ. ಆದರೂ ಅದನ್ನೇ ಆರಿಸಿದೆ. ಹಂಚಲಿಕ್ಕೆ ಹಲಗೆ ಇತ್ತಲ್ಲ!

ಅದರಲ್ಲಿ ಬರುತ್ತಿದ್ದುದೆಲ್ಲ ಇಂಗ್ಲಿಷು. ನಾನು ಕನ್ನಡಕ್ಕೆ ತಂದು ಬರೆದೆ: ‘ಐಸ್‌ಲ್ಯಾಂಡಿನಲ್ಲಿ ಕುರಿಗಳ ಎಣಿಕೆ ಆರಂಭ.’ ಮರುದಿನ: ‘ಜಪಾನಿನಲ್ಲಿ ಚೌಕಾಕಾರದ ಕಲ್ಲಂಗಡಿ.’ ಒಂದು ನರಪಿಳ್ಳೆಯೂ ನಿಲ್ಲಲಿಲ್ಲ. “ಕುರಿ ರೇಟ್ ಏನೈತಿ ಅದನ್ನ ಬರೀರಿ, ಮಾಸ್ತರ್ರ,” ಎಂದ ಚಾಚಾ, “ಆಗ ನಿಂತು ಓದ್ತಾರ.”

ಆರನೆಯ ದಿನ ಭಾನುವಾರ. ನಮ್ಮ ಓಣಿಗೆ ನೀರು ಬರುವುದೇ ಎಂಟು ದಿನಕ್ಕೊಮ್ಮೆ, ಆ ದಿನ ಬರುವುದಿತ್ತು. ಹೆಂಡತಿ ಶಾಂತಾ ನಳದ ಕಡೆ ಲಕ್ಷ್ಯ ಇಡಿರೆಂದು ಮೂರು ಸಲ ಹೇಳಿ ಕೇಶ್ವಾಪುರಕ್ಕೆ, ಅಕ್ಕನ ಮನೆಗೆ ಹೋದಳು. ನಾನು ಕಂಪ್ಯೂಟರಿನ ಮುಂದೆ ನಾಳೆಯ ಸುದ್ದಿ ಹೆಕ್ಕುತ್ತ ಕುಳಿತೆ. ಅವಳು ತಿರುಗಿ ಬಂದಾಗ ನೀರು ಬಂದು ಹೋಗಿತ್ತು, ಕೊಡಗಳೆಲ್ಲ ಖಾಲಿ.

“ಜಪಾನದಾಗಿನ ಕಲ್ಲಂಗಡಿ ಕಾಣತೈತಿ ನಿಮಗ, ಹಿತ್ತಲದಾಗಿನ ನಳ ಕಾಣಲಿಲ್ಲೇನ್ರಿ?” ಎಂದಳು. ಖಾಲಿ ಕೊಡವೊಂದನ್ನು ತಂದು ಕಂಪ್ಯೂಟರಿನ ಮುಂದೆ ಕುಕ್ಕಿ ಒಳಗೆ ಹೋದಳು.

ಏಳನೆಯ ದಿನ ಸಂಜೆ ಸಾಲೆಯಿಂದ ಬರುತ್ತೇನೆ, ಹಲಗೆಯ ಮುಂದೆ ಜಾತ್ರೆ! ಸೈಕಲ್ ಇಳಿದೆ. ಹಲಗೆಯತ್ತ ಎತ್ತಿದ ಕತ್ತುಗಳನ್ನು ಕಂಡು ನನ್ನ ಕಣ್ಣು ತುಂಬಿ ಬಂತು. ಚಾಚಾ ಓಡಿ ಬಂದು ಗ್ರೀಸು ಮೆತ್ತಿದ ಕೈಯಿಂದಲೇ ನನ್ನ ಕೈ ಕುಲುಕಿದ. “ಗೆದ್ರಿ ಮಾಸ್ತರ್ರ! ಗ್ವಾಡಿ ನಿಮ್ಮದ!” ಎಂದ. ಯಾವ ಸುದ್ದಿ ಇಷ್ಟು ನಾಟಿತೋ ಎಂದು ಗುಂಪಿನಲ್ಲಿ ನುಗ್ಗಿ ನೋಡಿದೆ. ನಾನು ಮುಂಜಾನೆ ಬರೆದದ್ದರ ಕೆಳಗೆ ಶಾಂತಾಳ ದುಂಡನೆಯ ಅಕ್ಷರ:

‘ಮಾಸ್ತರ ಮನ್ಯಾಗಿನ ಕಂಪ್ಯೂಟರ್ ಮಾರೂದೈತಿ. ಛಲೋ ಐತಿ. ಓದದ ಸುದ್ದಿ ಪುಕ್ಕಟೆ.’

ನಾನು ಕಿಸೆಯಿಂದ ಸೀಮೆಸುಣ್ಣ ತೆಗೆದು ಅದರ ಕೆಳಗೆ ‘ಮಾರಾಟವಾಗಿದೆ’ ಎಂದು ಬರೆದೆ. ಎಲ್ಲರೂ ಓದಿದರು, “ಛೇ!” ಎಂದರು, ತಮ್ಮ ತಮ್ಮ ದಾರಿ ಹಿಡಿದರು. ಹತ್ತು ವರ್ಷಗಳಲ್ಲಿ ಆ ಹಲಗೆಯ ಮೇಲೆ ನಾನು ಬರೆದ ಸುಳ್ಳು ಸುದ್ದಿ ಅದೊಂದೇ. ಓಣಿಯ ಜನ ನಿಂತು ಓದಿ ನಂಬಿದ ನನ್ನ ಸುದ್ದಿಯೂ ಅದೊಂದೇ.