ಶರಣಪ್ಪ ಕೇಳಿದ ಕೂಲಿ

ಅಂಗಡಿಯವರು ಹೇಳಿದ ಬೆಲೆಯನ್ನು ಹಾಗೆಯೇ ಕೊಟ್ಟು ಬಂದರೆ ನನಗೆ ಆ ದಿನ ಊಟ ರುಚಿಸುವುದಿಲ್ಲ. ಒಂದು ಕಟ್ಟು ಸಬ್ಬಸಿಗೆ ಸೊಪ್ಪಿಗೂ ಚೌಕಾಸಿ ಮಾಡುತ್ತೇನೆ. ಮಾಲ್‌ನಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡು ಕಾರ್ಡ್ ಕೊಡುತ್ತೇನೆ. ಈ ವ್ಯತ್ಯಾಸವನ್ನು ನನ್ನ ಹೆಂಡತಿ ಸರೋಜ ಆಗಾಗ ನೆನಪಿಸುತ್ತಾಳೆ, ಅದೂ ನೆಂಟರು ಬಂದಾಗ.

ಕುರುಬರಹಳ್ಳಿಯ ನಮ್ಮ ಮನೆಯ ತಾರಸಿಯ ಮೇಲೆ ಸಿಮೆಂಟ್ ಶೀಟಿನ ಒಂದು ರೂಮಿದೆ. ಈ ಸಲದ ಮಳೆಗೆ ಅದು ನಾಲ್ಕು ಕಡೆ ಸೋರಿ, ಸರೋಜಳ ಹೊಲಿಗೆ ಮೆಷಿನ್ನಿನ ಮೇಲೇ ನೀರು ಬಿತ್ತು. ರಿಪೇರಿಗೆ ಬಂದವನು ಗದಗದ ಕಡೆಯ ಶರಣಪ್ಪ. ಏಣಿ ಹತ್ತಿ ನೋಡಿ ಇಳಿದು, "ಬೋಲ್ಟು, ವಾಷರ್ ಎಲ್ಲಾ ಹೋಗ್ಯಾವ್ರಿ. ಸಾಮಾನು ನಿಮ್ದು, ಕೂಲಿ ಎರಡು ಸಾವಿರ" ಎಂದ.

ನಾನು ಸಿದ್ಧನಾಗಿಯೇ ಇದ್ದೆ. ಕೆಂಗೇರಿಯಲ್ಲಿರುವ ಭಾವಮೈದನಿಗೆ ಫೋನ್ ಮಾಡಿ ವಿಚಾರಿಸಿದ್ದೆ. ಅವನಿರುವುದು ಫ್ಲಾಟಿನ ಎರಡನೇ ಮಹಡಿಯಲ್ಲಿ, ತಲೆಯ ಮೇಲೆ ಇನ್ನೂ ಮೂರು ಮನೆಗಳಿವೆ. ಆದರೂ "ಸಾವಿರದ ಮೇಲೆ ಒಂದು ರೂಪಾಯಿ ಕೊಡ್ಬೇಡಿ ಭಾವ" ಎಂದು ಖಚಿತವಾಗಿ ಹೇಳಿದ್ದ.

"ಬೋಲ್ಟ್ ತಿರುಗಿಸೋದಕ್ಕೆ ಎರಡು ಸಾವಿರನಾ? ನಾನೇ ಮಾಡ್ಕೋತೀನಿ ಬಿಡು" ಎಂದೆ. ಶರಣಪ್ಪ ಬೇಸರಿಸಿಕೊಳ್ಳಲಿಲ್ಲ. ಸ್ಪ್ಯಾನರನ್ನು ನನ್ನ ಕೈಗಿತ್ತು, "ಮಾಡ್ರಿ ಸಾರ್. ಬೋಲ್ಟಿನ ಸಾಲಿನ ಮ್ಯಾಲಷ್ಟೇ ಕಾಲಿಡ್ರಿ. ನಡುವ ಇಟ್ರ ಸೀದಾ ಮಷಿನ್ ಮ್ಯಾಲ ಬೀಳ್ತೀರಿ" ಎಂದ.

"ತಾಳಿ, ಮೆಷಿನ್ ಪಕ್ಕಕ್ಕೆ ಇಡ್ತೀನಿ" ಎಂದಳು ಸರೋಜ.

ಹತ್ತಿದೆ. ಎರಡನೇ ಹೆಜ್ಜೆಗೇ ಕಾಲ ಕೆಳಗೆ ಶೀಟು ಲಟಕ್ಕೆಂದಿತು. ಅಲ್ಲೇ ಕೂತುಬಿಟ್ಟೆ. ಮಳೆ ಬಿಟ್ಟ ಬಿಸಿಲಿಗೆ ಶೀಟು ದೋಸೆ ಕಾವಲಿಯಾಗಿತ್ತು. ಏಳಲು ಧೈರ್ಯವಿಲ್ಲ, ಕೂರಲು ತಾಳ್ಮೆಯಿಲ್ಲ. ಬಟ್ಟೆ ಒಣಹಾಕುತ್ತಿದ್ದ ಎದುರುಮನೆಯ ನಾಗರಾಜಯ್ಯ, "ಏನ್ ಸಾರ್, ಯೋಗಾಸನನಾ?" ಎಂದು ಕೇಳಿದರು. ಕೊನೆಗೆ ಶರಣಪ್ಪ ಹಲಗೆ ಹಾಸಿ, ಮದುಮಗನನ್ನು ಕರೆತರುವಂತೆ ಕೈಹಿಡಿದು ನನ್ನನ್ನು ಇಳಿಸಿದ. ಆಮೇಲೆ ಸಂಜೆ ಐದರವರೆಗೆ ಅದೇ ಕಾವಲಿಯ ಮೇಲೆ ಕುಕ್ಕರಗಾಲಲ್ಲಿ ಕೂತು, ತುಕ್ಕು ಹಿಡಿದ ಬೋಲ್ಟುಗಳನ್ನು ಒಂದೊಂದಾಗಿ ಬದಲಿಸಿದ. ನಾನು ನೆರಳಲ್ಲಿ ನಿಂತು ನೋಡಿದೆ. ಎರಡು ಸಾವಿರ ಕೊಡುವಾಗ, ಜೀವನದಲ್ಲಿ ಮೊದಲ ಬಾರಿಗೆ, ಇವನು ಕಡಿಮೆ ಕೇಳಿದನೇನೋ ಅನ್ನಿಸಿತು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ದೊಡ್ಡ ಮನುಷ್ಯನಾಗುತ್ತಿದ್ದೆ. ಮರುದಿನ ನಾಗರಾಜಯ್ಯ "ನಮ್ಮ ಶೀಟೂ ಸೋರ್ತಿದೆ ಸಾರ್, ಎಷ್ಟು ತಗೊಂಡ?" ಎಂದು ಕೇಳಿದಾಗ, ಅಭ್ಯಾಸಬಲದಿಂದ "ಸಾವಿರಕ್ಕೆ ಮುಗಿಸ್ದೆ" ಎಂದುಬಿಟ್ಟೆ.

ಮೂರು ದಿನ ಬಿಟ್ಟು ಶರಣಪ್ಪನ ಫೋನ್ ಬಂತು. "ಸಾರ್, ಎದುರುಮನಿಯವ್ರು ಸಾವಿರದ ಮ್ಯಾಲ ಕೊಡಂಗಿಲ್ಲ ಅಂತಾರ್ರೀ. ನೀವು ಅಷ್ಟೇ ಕೊಟ್ಟೀರಂತ. ನಾ ಏನ್ ಹೇಳ್ಲಿ?"

ನಿಜ ಹೇಳು ಎನ್ನಲು ನಾಲಿಗೆ ಏಳಲಿಲ್ಲ. "ಒಪ್ಕೊಂಡು ಮಾಡ್ಬಿಡಪ್ಪ. ಮಿಕ್ಕಿದ್ದು ನಾನು ಕೊಡ್ತೀನಿ" ಎಂದೆ.

ನಾಗರಾಜಯ್ಯನವರ ಶೀಟು ಈಗ ಸೋರುವುದಿಲ್ಲ. ನಿನ್ನೆ ಅವರು ಪಕ್ಕದ ಬೀದಿಯ ಇಬ್ಬರನ್ನು ಕರೆತಂದು, ಅಭಿಮಾನದಿಂದ ನನ್ನ ಪರಿಚಯ ಮಾಡಿಸಿದರು: "ಕೂಲಿ ಮಾತಾಡೋದ್ರಲ್ಲಿ ನಮ್ಮ ಸಾರ್‌ನ ಬಿಟ್ರೆ ಇನ್ಯಾರೂ ಇಲ್ಲ. ಸಾರ್, ಇವರದ್ದೂ ಶೀಟ್ ಮನೆನೇ."