ಎಮ್ಮೆ ತಿಂದ ಸೋಯಾ, ಅಕ್ಕ ತಿಂದ ಮುದ್ದೆ

ನಮ್ಮಕ್ಕನ ಮೂಳೆ ಗಟ್ಟಿ ಮಾಡುವುದರಲ್ಲಿ ನನ್ನ ಪಾಲಿಗೆ ಬಂದಿದ್ದು ಒಂದೇ ಕೆಲಸ. ಸೋಯಾ ಕಾಳನ್ನು ರಾಗಿಯ ಜೊತೆ ಮಿಲ್ಲಿಗೆ ಒಯ್ದು ಬೀಸಿಸಿಕೊಂಡು ಬರುವುದು. ಒಂದು ಸಲ ಬಿಟ್ಟರೆ ಅದನ್ನು ನಾನು ಮಾಡಲಿಲ್ಲ. ಹೀಗಾಗಿ ಆ ವರ್ಷ ನಮ್ಮೂರು ಭೀಮನಬೀಡಿನಲ್ಲಿ ಎಲ್ಲರಿಗಿಂತ ಗಟ್ಟಿ ಮೂಳೆ ಇದ್ದದ್ದು ನಮ್ಮ ಎಮ್ಮೆಗೆ.

ನಮ್ಮಕ್ಕನನ್ನು ನೋಡದವರಿಗೆ ಇದು ಸಣ್ಣ ತಪ್ಪು ಅನ್ನಿಸಬಹುದು. ನೋಡಿದವರು ಹಾಗೆ ಹೇಳುವುದಿಲ್ಲ. ಅವಳು ಯಾವುದನ್ನೇ ನಂಬಿದರೂ ಪೂರ್ತಿ ನಂಬುವವಳು. ನಮ್ಮಿಬ್ಬರನ್ನೂ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟಿದ್ದರು. ಹೀಗಾಗಿ ಅವಳು ನನಗೆ ಅಕ್ಕ, ವಾರಗಿತ್ತಿ, ಅಡುಗೆಮನೆಯ ಯಜಮಾನಿ, ಮೂರೂ ಹೌದು. ಅವಳು ನಂಬಿದ್ದನ್ನು ನಾನೂ ಉಣ್ಣಬೇಕು!

ಶುರುವಾದದ್ದು ಚಾಮರಾಜನಗರದ ಲೇಡಿ ಡಾಕ್ಟರ ಹತ್ತಿರ. ಅಕ್ಕನಿಗೆ ಮುಟ್ಟು ನಿಲ್ಲುವ ಕಾಲ. ಮೈಯೆಲ್ಲ ಬಿಸಿ ಎದ್ದು, ಕುಳಿರ್ಗಾಳಿಯಲ್ಲೂ ಸೆರಗಿನಲ್ಲಿ ಬೀಸಿಕೊಳ್ಳುತ್ತಿದ್ದಳು. ಮಂಡಿ ನೋವು ಬೇರೆ. ಡಾಕ್ಟರು ಸಮಾಧಾನವಾಗಿ ಹೇಳಿದರು. ‘ಇನ್ನು ಮುಂದೆ ಮೂಳೆ ಬೇಗ ಸವೀತದೆ. ರಾಗಿ, ಹಾಲು, ಸೊಪ್ಪು ಚೆನ್ನಾಗಿ ತಿನ್ನಿ. ಬಿಸಿಲಲ್ಲಿ ನಡೀರಿ. ಈ ಕ್ಯಾಲ್ಸಿಯಂ ಮಾತ್ರೆ ನುಂಗಿ. ಬೇಕಾದ್ರೆ ಸೋಯಾನೂ ತಿನ್ನಬಹುದು.’

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಯೋಚಿಸಿ ತೀರ್ಪು ಕೊಟ್ಟಳು.

‘ರಾಗಿ ಹೊಸ್ದಾ? ಅಲ್ಲ. ಸೊಪ್ಪು ಹೊಸ್ದಾ? ಅಲ್ಲ. ಬಿಸ್ಲಲ್ಲಿ ನಡ್ಯದು ಹೊಸ್ದಾ? ಹುಟ್ದಾಗಿಂದ ಹೊಲ್ದಲ್ಲಿ ಅದ್ನೇ ಮಾಡ್ತಿವ್ನಿ. ಸೋಯಾ ಒಂದೇ ಹೊಸ್ದು. ಅಂದ್ಮೇಲೆ ಔಸ್ದಿ ಅದೇ ಕಣಮ್ಮಿ.’

‘ಮಾತ್ರೆ ಕಣಕ್ಕ?’

‘ಅದು ಸೋಯಾ ಸಿಗ್ದೆ ಇರೋ ಊರ್ನೋರ್ಗೆ.’

ನಾನು ಹೆಚ್ಚು ಓದಿದವಳಲ್ಲ. ಅವಳ ಲೆಕ್ಕ ಸರಿಯಾಗಿಯೇ ಕಂಡಿತು.

ಮೊದಲು ಉಪ್ಸಾರಿಗೆ ಅವರೆಕಾಳಿನ ಬದಲು ಸೋಯಾ ಬಂತು. ಕುಕ್ಕರು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿತೇ ಹೊರತು ಕಾಳು ಬೇಯಲಿಲ್ಲ. ಭಾವ ಒಂದನ್ನು ಕಡಿದು, ಕೈಗೆ ಉಗಿದುಕೊಂಡು ನೋಡಿದರು.

‘ಇದು ಕಾಳೇನಮ್ಮಿ, ಕಲ್ಲೇನಮ್ಮಿ?’

‘ಮೂಳೆ ಗಟ್ಟಿಯಾಗ್ಬೇಕು ಅಂದ್ರೆ ಕಾಳೂ ಗಟ್ಟಿಯಾಗೇ ಇರ್ಬೇಕು. ಅಗೀರಿ.’

ಆಮೇಲೆ ಸೋಯಾ ಹಾಲಿನ ಕಾಫಿ. ಭಾವ ಅಂದಿನಿಂದ ಬೆಳಗಿನ ಕಾಫಿಯನ್ನು ಹೋಟೆಲಿಗೆ ವರ್ಗಾಯಿಸಿಕೊಂಡರು. ನನ್ನ ಯಜಮಾನರೂ ಹಿಂದೆಯೇ ಹೋದರು. ಹೆಂಗಸರಾದ ನಾವು ಎಲ್ಲಿಗೆ ಹೋಗೋಣ?

ಮನೆಯಲ್ಲಿ ಮುಗಿದ ಮೇಲೆ ಅಕ್ಕ ಪ್ರಚಾರಕ್ಕೆ ಇಳಿದಳು. ಊರಿನಲ್ಲಿ ಆಗ ಮೊಬೈಲ್ ಸಿಗ್ನಲ್ ಸಿಗುತ್ತಿದ್ದುದು ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಅಲ್ಲಿ ನಿಂತು ಕುದೇರಿನಲ್ಲಿದ್ದ ನಮ್ಮ ನಾದಿನಿಗೆ ಕೂಗುತ್ತಿದ್ದಳು. ‘ಮೆತ್ತಗೆ ಯಾಕ್ ಮಾತಾಡ್ತೀಯಾ? ನಿಂಗೆ ಮುಟ್ಟು ನಿಂತೋಯ್ತಾ, ಇನ್ನೂ ಆಯ್ತದಾ? ಅದ್ ಹೇಳು ಮೊದ್ಲು!’ ನೀರಿಗೆ ಬಂದವರೆಲ್ಲ ಬಿಂದಿಗೆ ಇಳಿಸಿ ಉತ್ತರಕ್ಕೆ ಕಾದರು. ಆ ನಾದಿನಿ ಬಹಳ ಕಾಲ ತವರಿನ ಕಡೆ ತಲೆ ಹಾಕಲಿಲ್ಲ.

ಕೊನೆಗೆ ಅಕ್ಕ ಕಂಡುಕೊಂಡ ದಾರಿ ಮುದ್ದೆ. ಹುರಿದ ಸೋಯಾವನ್ನು ರಾಗಿಯೊಂದಿಗೆ ಬೀಸಿಸಿಬಿಟ್ಟರೆ ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಇಲ್ಲಿ ನನ್ನ ಪಾತ್ರ ಬಂತು.

ಮಿಲ್ಲಿನವನು ಚೀಲ ಮೂಸಿ ನೋಡಿ ಕೈ ಅಡ್ಡ ಹಿಡಿದ. ‘ಇದು ಎಣ್ಣೆ ಕಾಳು ಕಣಕ್ಕೋ. ಕಲ್ಲಿಗೆ ಅಂಟ್ಕತದೆ. ಮುಂದ್ಲೋರ ರಾಗಿ ಎಲ್ಲಾ ವಾಸ್ನೆ ಬತ್ತದೆ. ಎಲ್ರುದೂ ಆಗ್ಲಿ, ಆಮೇಲೆ ಹಾಕ್ತೀನಿ.’ ‘ಎಲ್ಲರದೂ’ ಅಂದರೆ ಖಾರದಪುಡಿಯವರದೂ ಸೇರಿ! ಮೆಣಸಿನಕಾಯಿಯ ಹಿಂದೆ ಬೀಸಿಸಿಕೊಂಡ ಆ ಹಿಟ್ಟಿನ ಮುದ್ದೆ ತಿಂದು ಮನೆಮಂದಿಯೆಲ್ಲ ಕಣ್ಣೀರು ಹಾಕಿದೆವು. ಅಕ್ಕ ಮಾತ್ರ ‘ಮೂಳೆಗೆ ಇಳೀತಾ ಅದೆ’ ಅಂದಳು.

ಮುಂದಿನ ಸಲ ಮಿಲ್ಲಿಗೆ ಹೋಗುವ ಮೊದಲು ಕೊಟ್ಟಿಗೆಗೆ ಹೋದೆ. ಸೋಯಾವನ್ನು ಬೂಸದಲ್ಲಿ ಬೆರೆಸಿ ಎಮ್ಮೆಯ ಮುಂದಿಟ್ಟೆ. ಬರೀ ರಾಗಿ ಬೀಸಿಸಿಕೊಂಡು ಬಂದೆ. ಒಂದೇ ಸಲ ಅಂದುಕೊಂಡಿದ್ದೆ. ಆದರೆ ಅಕ್ಕ ಮೊದಲ ತುತ್ತಿಗೇ ಕಣ್ಣು ಮುಚ್ಚಿ ತಲೆದೂಗಿದಳು. ‘ಈಗ ನೋಡು ಹದ! ಸೋಯಾ ಎಂಗ್ ಗಮಗಮ ಅಂತದೆ!’ ಹದಿನೈದು ದಿನದಲ್ಲಿ ಮಂಡಿ ನೋವೂ ಹೋಯಿತಂತೆ. ಮಹಿಳಾ ಸಂಘದಲ್ಲಿ ಎದ್ದು ನಿಂತು, ಕೂತು, ಮತ್ತೆ ಎದ್ದು ತೋರಿಸಿದಳು. ಅಷ್ಟು ಸಂತೋಷವನ್ನು ಹಾಳು ಮಾಡಲು ಯಾರಿಗೆ ಮನಸ್ಸು ಬರುತ್ತದೆ? ಡೈರಿಯವನು ‘ಎಮ್ಮೆ ಮಿಂಚ್ತಾ ಅದಲ್ಲ, ಏನ್ ಹಾಕ್ತೀರಿ?’ ಅಂದಾಗ ‘ಹುಲ್ಲು’ ಅಂದೆ.

ಕ್ಯಾಲ್ಸಿಯಂ ಮಾತ್ರೆಯ ಡಬ್ಬಿ ಸೀಲು ಒಡೆಯದೆ ದೇವರ ಗೂಡಿನಲ್ಲಿ ಕೂತಿತ್ತು. ದಿನಾ ದೀಪ ಹಚ್ಚುವಾಗ ನೋಡುತ್ತಿದ್ದೆ. ದೇವರೂ ಏನೂ ಹೇಳಲಿಲ್ಲ, ನಾನೂ ಏನೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಅಕ್ಕ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿದಳು. ಜೋರಾಗೇನೂ ಬೀಳಲಿಲ್ಲ, ಕೂತಂತೆ ಬಿದ್ದು ಬಲಗೈ ಊರಿದಳು. ಮಣಿಕಟ್ಟು ಮುರಿಯಿತು. ಗುಂಡ್ಲುಪೇಟೆಯ ಡಾಕ್ಟರು ಎಕ್ಸರೇ ನೋಡಿ ಹುಬ್ಬು ಗಂಟಿಕ್ಕಿದರು.

‘ಇಷ್ಟಕ್ಕೇ ಮುರೀಬಾರದಿತ್ತು. ಮೂಳೆ ಸವೆದಿದೆ. ಕ್ಯಾಲ್ಸಿಯಂ ಮಾತ್ರೆ ತಗೊಳ್ತಿದ್ದೀರಾ?’

‘ಮಾತ್ರೆ ಯಾಕೆ ಡಾಕ್ಟ್ರೇ? ಎಲ್ಡೊತ್ತೂ ಸೋಯಾ ಮುದ್ದೆ ತಿಂತಿವ್ನಿ!’

‘ಸೋಯಾ ಊಟ ಕಣಮ್ಮ. ಒಳ್ಳೇದೇ. ಆದ್ರೆ ಮಾತ್ರೆ ಬದ್ಲಿಗೆ ಅದಲ್ಲ. ಇನ್ನಾದ್ರೂ ಬಿಡದೆ ನುಂಗಿ. ಇಲ್ಲದಿದ್ರೆ ಮುಂದಿನ ಸಲ ಸೊಂಟ.’

ಗೋಡೆಯ ಮೇಲೆ ಅಸ್ಥಿಪಂಜರದ ಚಿತ್ರವಿತ್ತು. ಅದು ನನ್ನನ್ನೇ ನೋಡುತ್ತಿತ್ತು.

ಮನೆಗೆ ಬಂದ ಮೇಲೆ ಅಕ್ಕ ಮಾತು ಕಡಿಮೆ ಮಾಡಿದಳು. ಕೈಗೆ ಪಟ್ಟಿ ಇದ್ದುದರಿಂದ ನಾನೇ ಮುದ್ದೆ ಮುರಿದು, ಸಾರಿಗೆ ಅದ್ದಿ, ಬಾಯಿಗೆ ಇಡುತ್ತಿದ್ದೆ. ಮಾತ್ರೆ ಕೊಟ್ಟರೆ ಮಾತ್ರ ಮುಖ ತಿರುಗಿಸಿದಳು.

‘ಬ್ಯಾಡ ಬುಡು. ಅಷ್ಟು ಸೋಯಾ ತಿಂದೂ ಮುರೀತು. ನನ್ ಮೈಗೆ ಏನೂ ಹತ್ತಕಿಲ್ಲ ಕಣಮ್ಮಿ. ಈ ಮಾತ್ರೆ ಏನ್ ಮಾಡ್ತದೆ? ನೀನ್ ಸೋಯಾ ತಿನ್ನದು ಬುಡ್ಬೇಡ.’

‘ನಾನಾ?’

‘ಮತ್ಯಾರು? ನಮ್ಮವ್ವ ಕಡೆ ಕಾಲ್ದಲ್ಲಿ ಬಗ್ಗೋಗಿ ನೆಲ ನೋಡ್ಕಂಡೇ ನಡೀತಿತ್ತಲ್ಲ. ನಮ್ ಮಕ ಕಾಣ್ಬೇಕಾದ್ರೆ ನಾವು ನೆಲ್ದಲ್ಲಿ ಕೂತ್ಕಬೇಕಿತ್ತು. ನಿಂಗೂ ಹಂಗಾಗ್ಬಾರ್ದು ಅಂತ್ಲೇ ಮನೆ ಮುದ್ದೆಗೇ ಬೆರೆಸ್ದೆ. ನಿಂಗ್ ಬ್ಯಾರೆ ಮಾಡ್ಕೊಟ್ರೆ ತಿಂತಿದ್ಯಾ? ನನ್ ಮೈಗಂತೂ ಹತ್ನಿಲ್ಲ. ನಿಂಗಾದ್ರೂ ಹತ್ಲಿ.’

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟೆ.

‘ಅಕ್ಕ, ಆ ಖಾರದ ಮುದ್ದೆ ಆದ್ಮೇಲೆ ನೀನ್ ಸೋಯಾನೇ ತಿಂದಿಲ್ಲ. ನಾನ್ ಬೀಸಿಸ್ಲೇ ಇಲ್ಲ. ಎಮ್ಮೆಗೆ ಹಾಕ್ಬುಟ್ಟೆ.’

ಅಕ್ಕ ಎಡಗೈಯಲ್ಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

‘ಎಲ್ಲಾನೂವಾ?’

‘ಎಲ್ಲಾನೂ. ನಿನ್ ಮೈಗೆ ಹತ್ತಕಿಲ್ಲ ಅಂತ ಅಲ್ಲ ಕಣಕ್ಕ. ನೀನು ಮಾತ್ರೆ ಬುಟ್ಟಾಗ್ಲೂ ನೋಡ್ಕಂಡು ಸುಮ್ಕಿದ್ದೆ. ತಪ್ಪಾಯ್ತು. ನನ್ನ ಬೈಯಿ, ಹೊಡಿ. ಮಾತ್ರೆ ಮಾತ್ರ ಬ್ಯಾಡ ಅನ್ಬೇಡ. ತಪ್ಪಾಯ್ತು ಕಣಕ್ಕ.’